ಊಟದ ಮೇಜಿಗೆ ಹಲ್ಲು ಬಂದ ಬೇಸಿಗೆ

ಕುವೈಟಿನಿಂದ ರಜೆಗೆ ಬರುವ ಗಂಡಸರು ಏನೇನು ತರುತ್ತಾರೆ ಎಂಬುದು ಪಡೀಲಿನ ನಮ್ಮ ಓಣಿಗೆ ಬಾಯಿಪಾಠವಾಗಿತ್ತು. ಟೇಪ್ ರೆಕಾರ್ಡರ್, ಮಿರಮಿರ ಮಿಂಚುವ ಸೀರೆ, ಹುಲಿಯ ಚಿತ್ರದ ದಪ್ಪ ಕಂಬಳಿ, ಅತ್ತರು, ಹಾಲಿನ ಪುಡಿಯ ಡಬ್ಬ. ನನ್ನ ಗಂಡ ಆ ಸಲ ತಂದದ್ದು ಗರಗಸ. ಕಂಬಳಿಯ ಸುರುಳಿ ಬಿಚ್ಚಿದರೆ ಒಳಗಿನಿಂದ ಹಸಿರು ಬಣ್ಣದ ಯಂತ್ರವೊಂದು ಹೊರಬಂತು. ಮೇಲೆ ಹಿಡಿಕೆ, ಹಿಡಿಕೆಯಲ್ಲೇ ಒತ್ತುವ ಗುಂಡಿ, ಅಡಿಯಲ್ಲಿ ಒಂದು ಕಬ್ಬಿಣದ ತಗಡು, ಆ ತಗಡಿನ ಸೀಳಿನಿಂದ ಹೊರಗೆ ಇಣುಕುವ ಹಲ್ಲುಹಲ್ಲಿನ ಚಕ್ರ. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

"ಎಂತ ಇದು?" ಎಂದೆ ನಾನು.

"ಗರಗಸ ಮಾರಾಯ್ತಿ. ಕರೆಂಟಿಂದು. ಕಂಪೆನಿಯವರು ಹೊಸತು ತೆಗೊಂಡ್ರು, ಹಳತನ್ನು ನಾನು ಕೇಳಿ ತೆಗೊಂಡೆ."

"ಗರಗಸ ಅಂತ ಕಾಣ್ತದೆ, ನನಗೂ ಕಣ್ಣುಂಟು. ನನಗೆ ಎಂತ ತಂದದ್ದು ಅಂತ ಕೇಳಿದ್ದು."

"ಇದನ್ನೇ," ಎಂದರು ಅವರು. ಆಮೇಲೆ ಅತ್ತೆಗೆ ಕೇಳಿಸದ ಹಾಗೆ ಮೆಲ್ಲ ಹೇಳಿದರು, "ಇದು ಸರಿಯಾಗಿ ಕೂತರೆ ನಾನು ವಾಪಸ್ ಹೋಗ್ಲಿಕ್ಕಿಲ್ಲ."

ಎರಡು ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಬಂದು ಮೇ ಮುಗಿಯುವಾಗ ಹೋಗುವ ಗಂಡ ಅವರು. ಕುವೈಟಿನಲ್ಲಿ ಕಟ್ಟಡಗಳಿಗೆ ಕಾಂಕ್ರೀಟು ಸುರಿಯುವ ಮೊದಲು ಹಲಗೆ ಹೊಡೆಯುವ ಬಡಗಿ. ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ಓಣಿಯಲ್ಲಿ ಅರ್ಧಕ್ಕರ್ಧ ಹೆಂಗಸರು ನನ್ನ ಹಾಗೆಯೇ ಇದ್ದರು, ಹಾಗಾಗಿ ಅದು ದುಃಖ ಎಂದು ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಅಲ್ಲಿಂದ ಒಬ್ಬ ತಿರುಗಿ ಬಂದು ಇಲ್ಲೇ ಉಳಿಯುವುದೆಂದರೆ ಒಂದೋ ಕೆಲಸ ಹೋಗಿರಬೇಕು, ಇಲ್ಲ ಆರೋಗ್ಯ ಹೋಗಿರಬೇಕು. ನಾನು ಉಳಿಯುತ್ತೇನೆ ಎಂದು ಗಟ್ಟಿಮುಟ್ಟಾದ ಗಂಡಸು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಅವರ ಲೆಕ್ಕಾಚಾರ ಹೀಗಿತ್ತು. ಕುದ್ರೋಳಿಯಲ್ಲಿ ಹೋಟೆಲಿಟ್ಟ ಒಬ್ಬ ಧನಿಗಳು ಪಕ್ಕಕ್ಕೆ ಹೊಸ ಕೋಣೆ ಎಳೆದಿದ್ದರು, ಅದಕ್ಕೆ ಮೇಜು ಬೆಂಚುಗಳು ಬೇಕಿದ್ದವು. ಅವರ ಭಾವಂದಿರದ್ದೂ ಊರೆಲ್ಲ ಹೋಟೆಲುಗಳೇ. ಒಂದು ಕಡೆ ಕೆಲಸ ಚೆನ್ನಾಗಿ ಆದರೆ ಉಳಿದ ಕಡೆಯ ಕೆಲಸ ತಾನಾಗಿ ಬರುತ್ತದೆ. ಆದರೆ ಬೆಂಚಿಗೆ ಒಂದೇ ಅಗಲದ ಉದ್ದುದ್ದ ಪಟ್ಟಿಗಳು ರಾಶಿ ರಾಶಿ ಬೇಕು. ಮರದ ಮಿಲ್ಲಿನವರಿಗೆ ದಿಮ್ಮಿ ಸೀಳಲಿಕ್ಕೇ ಪುರುಸೊತ್ತಿಲ್ಲ. ಕೈಯಲ್ಲಿ ಹಿಡಿದು ಕೊಯ್ದರೆ ಗೆರೆ ಹಾವಿನ ಹಾಗೆ ಹರಿಯುತ್ತದೆ. ಅದಕ್ಕೆ ಉಪಾಯ, ಗರಗಸವನ್ನು ಹಲಗೆಯ ಮೇಲೆ ಓಡಿಸುವುದಲ್ಲ, ಗರಗಸವನ್ನು ಒಂದು ಕಡೆ ಕೂರಿಸಿ ಹಲಗೆಯನ್ನು ಓಡಿಸುವುದು. ಮೇಜಿನ ಅಡಿಯಲ್ಲಿ ಯಂತ್ರವನ್ನು ತಲೆಕೆಳಗಾಗಿ ಬಿಗಿದು, ಮೇಲಿನಿಂದ ಹಲ್ಲು ಮಾತ್ರ ಹೊರಬರುವ ಹಾಗೆ ಮಾಡುವುದು. ಧನಿಗಳು ಮಾತ್ರ, "ಮೊದಲು ಮಿಷನ್ ತೋರಿಸಿ, ಮತ್ತೆ ಮಾತಾಡುವ," ಎಂದಿದ್ದರು. ಅವರು ಒಪ್ಪಿದರೆ ನನ್ನ ಗಂಡ ಇಲ್ಲಿ. ಒಪ್ಪದಿದ್ದರೆ ಮೇ ಕೊನೆಗೆ ಬೊಂಬಾಯಿ ಬಸ್ಸು, ಅಲ್ಲಿಂದ ವಿಮಾನ. ಬಸ್ಸಿನ ಸೀಟು ಬರುವಾಗಲೇ ಕಾದಿರಿಸಿ ಆಗಿತ್ತು.

"ಮೇಜು ಎಲ್ಲಿಂದ ತರುವುದು?" ಎಂದು ಅವರು ತಲೆ ಕೆರೆಯುತ್ತಾ ನಿಂತಾಗ ನಾನು ಒಳಗೆ ಕೈ ತೋರಿಸಿದೆ.

ನಮ್ಮಲ್ಲಿ ಒಂದು ಡೈನಿಂಗ್ ಟೇಬಲ್ ಇತ್ತು. ಹಿಂದಿನ ರಜೆಯಲ್ಲಿ ಮಾಡಿಸಿದ್ದು. ಗಲ್ಫಿನವರ ಮನೆ ಎಂದ ಮೇಲೆ ಡೈನಿಂಗ್ ಟೇಬಲ್ ಇರಲೇಬೇಕು, ಅದರ ಮೇಲೆ ಉಣ್ಣಬೇಕು ಎಂದೇನೂ ಇರಲಿಲ್ಲ. ನಾವು ಮೂವರೂ ಅಡುಗೆಮನೆಯಲ್ಲಿ ಮಣೆ ಹಾಕಿ ನೆಲದಲ್ಲೇ ಕೂತು ಗಂಜಿ ಉಣ್ಣುವವರು. ಮೇಜಿನ ಮೇಲೆ ಬಾಳೆಗೊನೆ, ಹಳೆಯ ಪೇಪರು, ಅತ್ತೆಯ ಕಷಾಯದ ಹುಡಿ, ಮಡಚದೆ ಬಿದ್ದ ಬಟ್ಟೆ. ಅದನ್ನು ಕಂಡರೆ ನನಗೆ ಮೊದಲಿನಿಂದಲೂ ಉರಿ.

"ಅನ್ನದ ಮೇಜಿಗೆ ಗರಗಸ ಹಾಕ್ತೀರಾ?" ಎಂದು ಅತ್ತೆ ಎದೆ ಹಿಡಿದುಕೊಂಡರು.

"ಅದರ ಮೇಲೆ ಅನ್ನ ಇಟ್ಟದ್ದು ಯಾವಾಗ ಅತ್ತೆ?"

"ಬಾಯಿ ನೋಡು ಇವಳದ್ದು! ಕುವೈಟ್ ಬಿಟ್ಟು ಇಲ್ಲಿ ಹಲಗೆ ಕೊಯ್ತಾ ಕೂತುಕೊಳ್ಳುವುದಾ? ಇದ್ದದ್ದನ್ನು ಬಿಟ್ಟು ಇಲ್ಲದ್ದಕ್ಕೆ ಕೈ ಹಾಕ್ಬೇಡ ಮಗಾ," ಎಂದು ಮಗನಿಗೆ ಹೇಳಿದರು. ಓಣಿಯಲ್ಲಿ ಅವರನ್ನು ಜನ ಕುವೈಟಮ್ಮ ಎಂದು ಕರೆಯುತ್ತಿದ್ದರು. ಆ ಗೌರವ ಸುಮ್ಮನೆ ಬಂದದ್ದಲ್ಲ ಎಂಬುದು ಅವರಿಗೆ ಗೊತ್ತಿತ್ತು.

ನಾನು ಬಾಳೆಗೊನೆ ಇಳಿಸಿ ಆಗಿತ್ತು.

ಮೇಜನ್ನು ಮನೆಯ ಎದುರಿನ ತೆರೆದ ಚಾವಡಿಗೆ ತಂದು ಕವುಚಿ ಹಾಕಿದೆವು. ಗರಗಸದ ಕಬ್ಬಿಣದ ತಗಡಿಗೆ ನಾಲ್ಕು ತೂತು ಕೊರೆದು ಮೇಜಿನ ಅಡಿಗೆ ಬೋಲ್ಟು ಹಾಕಿ ಬಿಗಿದರು. ಆಮೇಲೆ ಯಂತ್ರವನ್ನು ಓಡಿಸುತ್ತಾ ಹಲ್ಲುಚಕ್ರವನ್ನು ಮೆಲ್ಲ ಮೆಲ್ಲ ಮರಕ್ಕೆ ಇಳಿಸಿದರು. ನಮ್ಮ ಮೇಜು ಕಿರ್ ಎಂದು ಕೂಗಿಕೊಂಡು ತನ್ನ ಸೀಳನ್ನು ತಾನೇ ಮಾಡಿಕೊಂಡಿತು. ನೆಟ್ಟಗೆ ನಿಲ್ಲಿಸಿ ನೋಡುತ್ತೇನೆ, ನುಣ್ಣನೆಯ ಪಾಲಿಶಿನ ನಡುವಿನಿಂದ ಹಲ್ಲು ಎದ್ದು ನಿಂತಿದೆ! ಎಳೆ ಮಗುವಿಗೆ ಮೊದಲ ಹಲ್ಲು ಬಂದ ಹಾಗೆ ನಾನು ಚಪ್ಪಾಳೆ ತಟ್ಟಿದೆ. ಹಿಡಿಕೆಯ ಗುಂಡಿ ಒತ್ತಿಯೇ ಇರಲೆಂದು ಸೈಕಲ್ ಟ್ಯೂಬಿನ ತುಂಡು ಸುತ್ತಿದರು. ಓಡಿಸುವುದು ನಿಲ್ಲಿಸುವುದು ಎರಡೂ ಗೋಡೆಯ ಸ್ವಿಚ್ಚಿನಿಂದ, ಅದು ನನ್ನ ಉದ್ಯೋಗ. ಹಲ್ಲಿಗೆ ಇದ್ದ ಮುಚ್ಚಳವನ್ನು ತಂತಿ ಕಟ್ಟಿ ಹಿಂದಕ್ಕೆ ಎಳೆದಿದ್ದರು. ಈಗಿನವರು ಕೇಳಿದರೆ ಬೈಯುತ್ತಾರೆ, ಬೈಯಬೇಕಾದದ್ದೇ. ಕೊನೆಗೆ ಹಲ್ಲಿನ ಪಕ್ಕದಲ್ಲಿ, ಬೇಕಾದಷ್ಟು ಅಂತರ ಬಿಟ್ಟು, ಒಂದು ನೇರವಾದ ಮರದ ರೀಪು ಬಿಗಿದರು. ಹಲಗೆಯ ಅಂಚನ್ನು ರೀಪಿಗೆ ತಾಗಿಸಿಕೊಂಡು ತಳ್ಳಿದರೆ ಎಷ್ಟು ಪಟ್ಟಿ ಕೊಯ್ದರೂ ಒಂದೇ ಅಗಲ.

ಶುಕ್ರವಾರ ಬೆಳಿಗ್ಗೆ ಧನಿಗಳು ಬಂದರು. ಬಿಳಿ ಪಂಚೆ, ಬಿಸಿಲಿಗೆ ಕೊಡೆ, ಮುಖದಲ್ಲಿ "ಬೇಗ ಮುಗಿಸಿ" ಎಂಬ ಭಾವ. ಅತ್ತೆಗೆ ಈ ಕೆಲಸವೇ ಬೇಡವಾಗಿತ್ತು, ಆದರೆ ಮನೆಯಲ್ಲಿ ಒಂದು ಕೆಲಸ ದೀಪವಿಲ್ಲದೆ ಶುರುವಾಗುವುದನ್ನು ನೋಡಿ ಸುಮ್ಮನಿರುವ ಜನವಲ್ಲ ಅವರು. ಕಾಲುದೀಪ ಹಚ್ಚಿದರು, ಮೇಜಿಗೆ ಕುಂಕುಮ ಹಚ್ಚಿದರು, ತೆಂಗಿನಕಾಯಿ ಒಡೆದರು. ನನ್ನ ಗಂಡ ಹೆಬ್ಬಲಸಿನ ಹಲಗೆ ಎತ್ತಿಕೊಂಡು ಅಂಗಳದ ಬದಿಯಲ್ಲಿ, ಮನೆಗೆ ಮುಖ ಮಾಡಿ ನಿಂತದ್ದೇ ತಡ, "ಹೋಯ್!" ಎಂದರು ಅತ್ತೆ. "ಮೊದಲ ಹಲಗೆ ಪಡುವಣಕ್ಕೆ ಮುಖ ಮಾಡಿ ಕೊಯ್ಯುವುದಾ? ಮೂಡು ಮುಖ ಮಾಡು ಮಗಾ."

"ಅಷ್ಟೇ ಅಲ್ವಾ ಅಮ್ಮ," ಎಂದು ಇವರು ಮೇಜನ್ನು ಸುತ್ತಿ ಮನೆಯ ಬದಿಗೆ ಬಂದು, ಅಂಗಳಕ್ಕೆ ಮುಖ ಮಾಡಿ ನಿಂತರು. ವರ್ಷಗಟ್ಟಲೆ ಗರಗಸವನ್ನು ಕೈಯಲ್ಲೇ ಹಿಡಿದು ಕೊಯ್ದವರು. ಕೈಯ ಗರಗಸಕ್ಕೆ ದಿಕ್ಕಿಲ್ಲ, ನೀವು ತಿರುಗಿದರೆ ಅದೂ ತಿರುಗುತ್ತದೆ. ಮೇಜಿಗೆ ಬಿಗಿದದ್ದು ತಿರುಗುವುದಿಲ್ಲ ಎಂಬುದು ಆ ಕುಂಕುಮ ದೀಪದ ಗಡಿಬಿಡಿಯಲ್ಲಿ ಯಾರಿಗೆ ಹೊಳೆಯಬೇಕು!

ನಾನು ಸ್ವಿಚ್ಚು ಹಾಕಿದೆ. ಚಾವಡಿ ಇಡೀ ಗುಂಯ್ ಎಂದಿತು. ಇವರು ಹಲಗೆ ತಳ್ಳಿದರು. ಹಲ್ಲಿಗೆ ತಾಗಿತೋ ಇಲ್ಲವೋ, ಯಾರೋ ಕಸಿದುಕೊಂಡ ಹಾಗೆ ಹಲಗೆ ಅವರ ಕೈಯಿಂದ ಮಾಯ! ಧನಿಗಳ ಕೊಡೆಯನ್ನು ಸವರಿಕೊಂಡು ಅಂಗಳ ದಾಟಿ, ಪಾಗಾರದ ಗೋಡೆ ಹಾರಿ, ನಾವು ಬಾಯಿ ಎಂದು ಕರೆಯುವ ಆಚೆಮನೆಯ ಕ್ರಿಶ್ಚಿಯನ್ ಹೆಂಗಸಿನ ಪಪ್ಪಾಯಿ ಮರದ ಸೊಂಟ ಮುರಿಯಿತು.

"ಜೆಜು ಮರಿ ಜುಜೆ!" ಎಂದು ತನ್ನ ದೇವರನ್ನೆಲ್ಲ ಕರೆದ ಬಾಯಿಯ ಸ್ವರ ಪಾಗಾರದ ಆಚೆಯಿಂದ ಕೇಳಿತು. "ಯಾರು ಮಾರಾಯ್ರೆ ಅದು? ಯುದ್ಧ ಶುರುವಾಯ್ತಾ?"

ನಾನು ಸ್ವಿಚ್ಚು ಆರಿಸಿ ಓಡಿ ಹೋಗಿ ಇವರ ಕೈ ಹಿಡಿದು ಬೆರಳು ನೋಡಿದೆ. ಎಲ್ಲ ಇದ್ದವು. ಇದ್ದವು ಎಂದು ತಿಳಿದ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾರ ಮೇಲೆ ಎಂದು ಗೊತ್ತಾಗದೆ ತೆಂಗಿನಕಾಯಿಯ ಹೋಳನ್ನು ಎತ್ತಿ ಅಂಗಳಕ್ಕೆ ಎಸೆದೆ.

ಧನಿಗಳು ಕೊಡೆ ಮಡಚಿದರು. "ನೀವು ಕುವೈಟಿಗೇ ಹೋಗಿ ಮಾರಾಯ್ರೆ. ನನ್ನ ಹೋಟೆಲಿಗೆ ಬೇಕಾದದ್ದು ಕೂತುಕೊಳ್ಳುವ ಬೆಂಚು. ಹಾರುವ ಬೆಂಚು ಅಲ್ಲ." ಅಷ್ಟು ಹೇಳಿ, ಚಹಾವನ್ನೂ ಕುಡಿಯದೆ ಹೋದರು.

"ದೇವರೇ ಬೇಡ ಅಂತ ಹೇಳಿದ ಮೇಲೆ ಇನ್ನೆಂತ ಉಂಟು," ಎಂದರು ಅತ್ತೆ, ದೀಪ ಒಳಗೆ ಕೊಂಡುಹೋಗುತ್ತಾ. "ಬಸ್ಸಿನ ಸೀಟು ಉಂಟಲ್ಲ. ಹೋಗು ಮಗಾ."

ಇವರು ಮೆಟ್ಟಲಲ್ಲಿ ಕೂತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಸ್ಪ್ಯಾನರು ಹುಡುಕಿ ಮೇಜಿನ ಅಡಿಗೆ ಬಗ್ಗಿದರು. ಬೋಲ್ಟು ಬಿಚ್ಚಲಿಕ್ಕೆ! ನನಗೆ ತಡೆಯಲಿಲ್ಲ. ಸ್ಪ್ಯಾನರನ್ನು ಕೈಯಿಂದ ಕಿತ್ತುಕೊಂಡೆ.

"ಇನ್ನೊಮ್ಮೆ ಮುಟ್ಟಿ ನೋಡುವ!"

"ಕಣ್ಣಿಂದ ನೋಡಿದಿಯಲ್ಲ ಮಾರಾಯ್ತಿ. ಆಗುವ ಕೆಲಸ ಅಲ್ಲ ಇದು."

"ನೋಡಿದೆ. ನೀವು ಹಲಗೆಯನ್ನು ನೋಡ್ತಾ ಇದ್ರಿ, ಅತ್ತೆ ದೇವರನ್ನು, ಧನಿಗಳು ಗಂಟೆಯನ್ನು. ಚಕ್ರವನ್ನು ನೋಡಿದ್ದು ನಾನೊಬ್ಬಳೇ."

ಪ್ಲಗ್ಗು ಕಿತ್ತು ಹಾಕಿ, ಚಕ್ರವನ್ನು ಅದು ಆಗ ಓಡಿದ ದಿಕ್ಕಿಗೇ ಬೆರಳಿನಿಂದ ಮೆಲ್ಲ ತಿರುಗಿಸಿ ತೋರಿಸಿದೆ. ಮೇಜಿನ ಮೇಲೆ ಕಾಣುವ ಹಲ್ಲು ಮನೆಯ ಕಡೆಯಿಂದ ಅಂಗಳದ ಕಡೆಗೆ ಓಡುತ್ತಿತ್ತು. "ನೀವು ತಳ್ಳಿದ್ದೂ ಅಂಗಳದ ಕಡೆಗೇ. ನೀವೂ ಅತ್ತ, ಅದೂ ಅತ್ತ. ಹಲಗೆ ನಿಲ್ಲುವುದುಂಟಾ? ಅದು ನಿಮಗೆ ಎದುರು ಬರಬೇಕು. ಎದುರು ಬಂದರೆ ತಾನೇ ಕೊಯ್ಯುವುದು!"

ಇವರು ಹಣೆ ಚಚ್ಚಿಕೊಂಡರು. "ಹೌದು ಮಾರಾಯ್ತಿ! ಅದಕ್ಕೇ ನಾನು ಮೊದಲು ಆಚೆ ಬದಿಯಲ್ಲಿ ನಿಂತದ್ದು. ಅಮ್ಮ ಹೇಳಿದ್ರು ಅಂತ ಈಚೆ ಬಂದೆ. ಹಾಗಾದ್ರೆ ಆಚೆ ನಿಂತೇ ಕೊಯ್ತೇನೆ."

"ಬೇಡ. ಆಮೇಲೆ ಒಂದು ಮೊಳೆ ಬಗ್ಗಿದರೂ ಪಡುವಣಕ್ಕೆ ಮುಖ ಮಾಡಿದ್ದಕ್ಕೆ ಅಂತ ವರ್ಷವಿಡೀ ಕೇಳ್ಬೇಕು ನಾನು. ಮೇಜು ಹಿಡಿಯಿರಿ."

ಸೂರ್ಯನನ್ನು ತಿರುಗಿಸಲಿಕ್ಕೆ ಆಗುವುದಿಲ್ಲ, ಮೇಜನ್ನು ತಿರುಗಿಸಬಹುದಲ್ಲ! ಇಬ್ಬರೂ ಸೇರಿ ಅದನ್ನು ಅರ್ಧ ಸುತ್ತು ತಿರುಗಿಸಿದೆವು. ಈಗ ಮೂಡು ಮುಖ ಮಾಡಿ ನಿಂತವನಿಗೆ ಹಲ್ಲು ಎದುರು ಬರುತ್ತಿತ್ತು. ವಯರು ಗಿಡ್ಡವಾಯಿತು, ಜೋಡಿಸಿದರು. ನಾನು ಸ್ವಿಚ್ಚಿನ ಮೇಲೆ ಕೈಯಿಟ್ಟು, ಪಂಜುರ್ಲಿ ದೈವಕ್ಕೂ ದೇವರಿಗೂ ಒಟ್ಟಿಗೆ ಕೈ ಮುಗಿದ ಹಾಗೆ ಮನಸ್ಸಿನಲ್ಲೇ ಒಂದು ಹರಕೆ ಹೊತ್ತೆ. ಹಾಕಿದೆ.

ಈ ಸಲ ಸ್ವರವೇ ಬೇರೆ. ಹಲಗೆ ಹಲ್ಲಿಗೆ ತಾಗಿದ ಕೂಡಲೇ ಗುಂಯ್ ಎಂಬುದು ತಗ್ಗಿ ಒಂದು ತುಂಬಿದ ಸ್ವರ ಬಂತು. ಇವರು ತಳ್ಳುತ್ತಾ ಹೋದರು, ಕೊನೆಯ ಗೇಣನ್ನು ಕೈಯಿಂದ ತಳ್ಳದೆ ಕೋಲಿನಿಂದ ತಳ್ಳಿದರು. ಮರದ ಹಳದಿ ಹುಡಿ ಇವರ ಬನಿಯನ್ನಿನ ಮೇಲೆ, ಹುಬ್ಬಿನ ಮೇಲೆ, ಅತ್ತೆಯ ರಂಗೋಲಿಯ ಮೇಲೆ. ಹಲಗೆ ಆಚೆ ಬದಿಯಲ್ಲಿ ಎರಡಾಗಿ ಹೊರಬಂತು. ಅಂಚು ಎಷ್ಟು ನೇರ ಎಂದರೆ, ನನಗೆ ಅಳು ಬಂತು. ಸುಳ್ಳಲ್ಲ, ಒಂದು ಹಲಗೆಯ ಅಂಚು ನೋಡಿ ಅತ್ತವಳು ನಾನು.

"ಇನ್ನೊಂದು!" ಎಂದು ಕಿರುಚಿದೆ.

ಇನ್ನೊಂದು, ಮತ್ತೊಂದು. ಅತ್ತೆ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತರು. ಹಲಗೆಯ ಅಂಚಿಗೆ ಬೆರಳು ಸವರಿದರು. ಆಮೇಲೆ ಕೊಟ್ಟಿಗೆಯ ಕಡೆಯಿಂದ ಒಂದು ಹಳೆಯ ಮಂಚದ ಹಲಗೆ ಎಳೆದುಕೊಂಡು ಬಂದು, "ಇದನ್ನು ಹಾಕು ನೋಡುವ," ಎಂದರು. ಪಪ್ಪಾಯಿ ಮರಕ್ಕೆ ನ್ಯಾಯ ಕೇಳಲಿಕ್ಕೆಂದು ಬಂದ ಬಾಯಿ, ನ್ಯಾಯ ಮರೆತು ಮನೆಗೆ ಓಡಿ, ಮೀನು ಕೊಯ್ಯಲು ಒಂದು ಮಣೆ ಮಾಡಿಕೊಡಿ ಎಂದು ಮರದ ತುಂಡು ಹಿಡಿದುಕೊಂಡು ಬಂದರು. ಆ ದಿನ ನಮ್ಮ ಮನೆಯಲ್ಲಿ ಮರದ್ದೆನ್ನುವ ಯಾವ ವಸ್ತುವಿಗೂ ಜೀವದ ಖಾತ್ರಿ ಇರಲಿಲ್ಲ.

ಆದರೆ ಧನಿಗಳ ಕೆಲಸ ಕೈಬಿಟ್ಟು ಹೋಗಿತ್ತಲ್ಲ. "ಯಾವ ಮುಖ ಹೊತ್ತುಕೊಂಡು ಹೋಗಲಿ?" ಎಂದರು ಇವರು. ನನಗೆ ಮುಖದ ತೊಂದರೆ ಇರಲಿಲ್ಲ. ಮರುದಿನ ನಾನೇ ಎರಡು ಪಟ್ಟಿ ಹೊತ್ತುಕೊಂಡು ಬಸ್ಸು ಹತ್ತಿದೆ.

"ಅಕ್ಕಾ, ಹಲಗೆಗೂ ಟಿಕೆಟ್ ಮಾಡ್ಲಿಕ್ಕೆ ಉಂಟು," ಎಂದ ಕಂಡಕ್ಟರ್.

"ಅದಕ್ಕೆ ಸೀಟು ಬೇಡ ಮಾರಾಯ, ಅದು ನಿಂತುಕೊಂಡೇ ಬರ್ತದೆ."

ಬಸ್ಸೆಲ್ಲ ನಕ್ಕಿತು. ಆತನೂ ನಕ್ಕು ನನಗೆ ಮಾತ್ರ ಟಿಕೆಟ್ ಹರಿದ.

ಕುದ್ರೋಳಿಯ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗಲಾಟೆ. ಧನಿಗಳು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ನನ್ನನ್ನು ಕಂಡದ್ದೇ ಮೇಲೆ ನೋಡಿದರು, ಎಲ್ಲಿಂದ ಹಾರಿ ಬರುತ್ತದೋ ಎಂದು. ನಾನು ಎರಡೂ ಪಟ್ಟಿಗಳನ್ನು ಅವರ ಎದುರಿನ ಮೇಜಿನ ಮೇಲೆ ಅಂಚಿಗೆ ಅಂಚು ತಾಗಿಸಿ ಇಟ್ಟೆ. ಕೈಯಲ್ಲಿದ್ದ ಬಸ್ ಟಿಕೆಟನ್ನು ಚಾಚಿದೆ.

"ಈ ಟಿಕೆಟನ್ನು ಎಡೆಯಲ್ಲಿ ತೂರಿಸಿ ಧನಿಗಳೇ."

ಅವರು ಕನ್ನಡಕ ಹಾಕಿಕೊಂಡರು. ಈ ತುದಿಯಲ್ಲಿ ನೋಡಿದರು, ಆ ತುದಿಯಲ್ಲಿ ನೋಡಿದರು. ನಡುವಿನಲ್ಲಿ ಒತ್ತಿದರು. ಟಿಕೆಟು ಮುದುಡಿತೇ ಹೊರತು ಒಳಗೆ ಹೋಗಲಿಲ್ಲ. ಸಾಂಬಾರಿನ ಬಾಲ್ದಿ ಹಿಡಿದು ಹೋಗುತ್ತಿದ್ದವನೂ ನಿಂತು ಕತ್ತು ಉದ್ದ ಮಾಡಿದ.

"ಇದು ನಿನ್ನೆ ಹಾರಿದ್ದಾ?"

"ಹಾರಿದ್ದು ಬಾಯಿಯ ತೋಟದಲ್ಲಿ ಉಂಟು. ಇದು ಕೂತದ್ದು."

ಧನಿಗಳು ನಗಲಿಲ್ಲ. ಅವರು ನಗುವ ಜನವೇ ಅಲ್ಲ. "ಶಾಲೆ ಶುರುವಾಗುವ ಮೊದಲು ಆಗ್ಬೇಕು. ಆಮೇಲೆ ಒಂದು ದಿನ ತಡ ಆದ್ರೂ ನನಗೆ ಬೇಡ," ಎಂದರು. ಆಮೇಲೆ ಒಳಗೆ ತಿರುಗಿ, "ಅಮ್ಮನಿಗೆ ಊಟ ಹಾಕಿ," ಎಂದರು. ನಾನು ಊಟ ಮಾಡಿದೆನಾ? ಎಲ್ಲಿಂದ! ಹಲಗೆಗಳನ್ನು ಅಲ್ಲೇ ಬಿಟ್ಟು ಬಸ್ಸಿಗೆ ಓಡಿದೆ. ಮನೆಯ ಓಣಿಯ ತಿರುವಿನಿಂದಲೇ "ಆಯ್ತು! ಆಯ್ತು!" ಎಂದು ಕೂಗಿಕೊಂಡು ಬಂದೆ. ಚಾವಡಿಯಲ್ಲಿ ನಿಂತಿದ್ದ ನನ್ನ ಗಂಡ ಹುಡಿಯ ಮೈಯಲ್ಲೇ ಅತ್ತೆಯ ಎದುರು ನನ್ನನ್ನು ಎತ್ತಿಬಿಟ್ಟರು. ಅತ್ತೆ ಮುಖ ತಿರುಗಿಸಿದರು, ಆದರೆ ಒಳಗೆ ಹೋಗಲಿಲ್ಲ.

ಆ ಮೇ ತಿಂಗಳನ್ನು ಈಗ ನೆನೆದರೂ ನನ್ನ ಮೂಗಿಗೆ ಹೆಬ್ಬಲಸಿನ ಪರಿಮಳ ಬರುತ್ತದೆ. ಇವರು ತಳ್ಳುವುದು, ನಾನು ಆಚೆ ಬದಿಯಿಂದ ಪಟ್ಟಿ ತೆಗೆದು ಅಟ್ಟಿ ಹಾಕುವುದು, ಅತ್ತೆ ಹುಡಿ ಗುಡಿಸಿ ಚೀಲ ತುಂಬುವುದು. ಫ್ಯೂಸು ಹಾರುತ್ತಿತ್ತು, ಹಾಕುತ್ತಿದ್ದೆವು. ಹಲ್ಲು ಮೊಂಡಾಗುತ್ತಿತ್ತು, ಅರ ಹಾಕಿ ಉಜ್ಜುತ್ತಿದ್ದರು. ಗಂಜಿಯಲ್ಲಿ ಹುಡಿ, ಚಹಾದಲ್ಲಿ ಹುಡಿ, ತಲೆಗೂದಲಲ್ಲಿ ಹುಡಿ. "ಎಂತ, ಮಿಲ್ಲು ಹಾಕಿದ್ದೀರಾ?" ಎಂದು ಯಾರೋ ಕೇಳಿದ್ದಕ್ಕೆ ಅತ್ತೆ, "ಹೌದು, ನನ್ನ ಮಗ ಮಿಲ್ಲು ಹಾಕಿದ್ದಾನೆ," ಎಂದರು. ಆ ಮಾತು ಕೇಳಿ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಟೆಂಪೋದಲ್ಲಿ ಕೊನೆಯ ಬೆಂಚು ಹೋದ ದಿನವೇ ಬೊಂಬಾಯಿ ಬಸ್ಸೂ ಹೋಯಿತು. ನಮ್ಮ ಸೀಟಿನಲ್ಲಿ ಬೇರೆ ಯಾರೋ ಕೂತು ಹೋದರು. ಪುಣ್ಯಾತ್ಮ, ಎಲ್ಲಿದ್ದರೂ ಚೆನ್ನಾಗಿರಲಿ.

ಅದರ ಮರುವಾರ ಮಳೆ ಹಿಡಿಯಿತು, ಕರೆಂಟು ಹೋಯಿತು. ಗರಗಸ ಸುಮ್ಮನಾಯಿತು, ಆದರೆ ನನ್ನ ಗಂಡ ಸುಮ್ಮನೆ ಕೂರಬೇಕಲ್ಲ! ಅಡುಗೆಮನೆಯ ಹಿಂಬಾಗಿಲು ಬಿಗಿಯಾಗಿದೆ ಎಂದು ಕಂಡಿತು. ನಮ್ಮ ಊರಿನಲ್ಲಿ ಮಳೆಗಾಲಕ್ಕೆ ಬಾಗಿಲು ಉಬ್ಬುತ್ತದೆ, ನವರಾತ್ರಿಯ ಹೊತ್ತಿಗೆ ತಾನೇ ಸರಿಯಾಗುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಆದರೆ ಇವರು ಮರುಭೂಮಿಯ ಬಡಗಿ. ನಾನು ಸ್ನಾನಕ್ಕೆ ಹೋಗಿ ಬರುವುದರೊಳಗೆ ಬಾಗಿಲು ಇಳಿಸಿ, ಅಡಿಯಿಂದ ಕೈಗರಗಸದಲ್ಲಿ ಧಾರಾಳವಾಗಿ ಕೊಯ್ದು, ಮತ್ತೆ ಸಿಕ್ಕಿಸಿಬಿಟ್ಟಿದ್ದರು. ಆ ಸಂದಿನಿಂದ ಬಾಯಿಯ ಮನೆಯ ಬೆಕ್ಕು ನುಗ್ಗಿ, ಮಳೆಗಾಲಕ್ಕೆಂದು ನಾನು ಒಣಗಿಸಿ ಇಟ್ಟ ಮೀನನ್ನೆಲ್ಲ ಮುಗಿಸಿತು.

"ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ," ಎಂದು ಅತ್ತೆ ಗೊಣಗಿದರು. ನಾನು ಗೊಣಗಲಿಲ್ಲ. ನಾನು ಬಾಯಿ ತೆರೆದೆ. ಮೀನಿನಿಂದ ಶುರುವಾಗಿ ಬಾಗಿಲು, ಹುಡಿ, ಒದ್ದೆ ಟವೆಲು, ಹಿಂದೊಮ್ಮೆ ಅವರು ಬರದೆ ಹೋದ ನೆಂಟರ ಮದುವೆ, ಎಲ್ಲ ಬಂತು. ಮೊದಮೊದಲು ಅವರು ನಕ್ಕರು, ಆಮೇಲೆ ಅವರೂ ಸ್ವರ ಏರಿಸಿದರು. ಮದುವೆಯಾದ ಮೇಲೆ ನಮ್ಮದು ಅದೇ ಮೊದಲ ಜಗಳ. ಎರಡು ತಿಂಗಳಿಗೆಂದು ಬಂದ ಗಂಡನ ಹತ್ತಿರ ಯಾರು ಜಗಳ ಮಾಡುತ್ತಾರೆ? ಒಂದು ದಿನ ಮುಖ ಊದಿಸಿದರೆ ಅಷ್ಟು ದಿನ ಕಡಿಮೆಯಾಯಿತಲ್ಲ ಎಂದು ಪ್ರತಿ ರಜೆಯಲ್ಲೂ ನುಂಗಿಕೊಂಡವಳು ನಾನು. ಅಷ್ಟನ್ನೂ ಆ ದಿನ ಕೈತುಂಬ ಖರ್ಚು ಮಾಡಿದೆ. ಮಳೆ ಹೊಡೆಯುತ್ತಿತ್ತು, ನಾನು ಕೂಗುತ್ತಿದ್ದೆ, ಹೊಟ್ಟೆಯೊಳಗೆ ಮಾತ್ರ ಹಬ್ಬ.

ಸಂಜೆ ಚಹಾ ಮಾಡಲಿಲ್ಲ. ಇವರು ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತರು.

"ಮಾತಾಡುವುದಿಲ್ವಾ ಇವತ್ತು?"

"ಇಲ್ಲ."

"ನಾಳೆ?"

"ನಾಳೆಯೂ ಇಲ್ಲ," ಎಂದೆ, ಅವರ ಕಡೆ ತಿರುಗದೆ. "ನಾಡಿದ್ದು ನೋಡುವ."